ಘಾಟಿ ರಸ್ತೆಯಲ್ಲಿ ಕ್ಯಾರವಾನ್ ಎಳೆಯಲು ಡೀಸೆಲ್ ಗಾಡಿಯೋ, ಪೆಟ್ರೋಲ್ ಗಾಡಿಯೋ?

ಸಕಲೇಶಪುರ, ಮೂಡಿಗೆರೆ, ಬೇಲೂರು, ಕೊಪ್ಪದ ಕಡೆಯ ಓದುಗರು ಕೆಲವು ಕಾಲದಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದಾರೆ. ಕೊಯ್ಲು ಮುಗಿದ ಮೇಲೆ ಮನೆಮಂದಿಯೊಂದಿಗೆ ನಾಲ್ಕು ದಿನ ಹೊರಗೆ ಹೋಗಿ ಬರಲು ಸಣ್ಣದೊಂದು ಕ್ಯಾರವಾನ್ ಟ್ರೇಲರ್, ಅಂದರೆ ಮಲಗುವ ಜಾಗ ಮತ್ತು ಪುಟ್ಟ ಅಡುಗೆ ಕಟ್ಟೆ ಇರುವ, ಸ್ವಂತ ಎಂಜಿನ್ ಇಲ್ಲದ ಗಾಲಿಮನೆಯನ್ನು ಕೊಳ್ಳಬೇಕೆಂದಿದ್ದೇವೆ; ಅದನ್ನು ಎಳೆಯುವ ಪಿಕಪ್ ಅಥವಾ ಜೀಪು ಡೀಸೆಲ್ ಆಗಿರಬೇಕೋ, ಪೆಟ್ರೋಲ್ ಆದರೂ ಸಾಕೋ ಎಂಬುದು ಆ ಪ್ರಶ್ನೆ. ಎಳೆತಕ್ಕೆ ಡೀಸೆಲ್ಲೇ ಎಂಬ ಹಳೆಯ ಉತ್ತರವನ್ನು ಕಣ್ಣುಮುಚ್ಚಿ ಕೊಡುವ ಕಾಲ ಈಗ ಉಳಿದಿಲ್ಲ. ಹಾಗೆಂದು ಅದು ಪೂರ್ತಿ ಸುಳ್ಳಾಗಿಯೂ ಇಲ್ಲ. ಇಂಧನದ ಆಯ್ಕೆ ಈ ವಿಚಾರದಲ್ಲಿ ಮೊದಲ ಪ್ರಶ್ನೆಯಲ್ಲ, ಮೂರು ನಾಲ್ಕು ಲೆಕ್ಕಗಳು ಮುಗಿದ ಮೇಲೆ ಬರುವ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ.

ಲೆಕ್ಕ ಶುರುಮಾಡುವ ಮೊದಲು ನಿಮ್ಮ ಕೈಯಲ್ಲಿ ಇರಬೇಕಾದವು ಇಷ್ಟು: ಕೊಳ್ಳಬೇಕೆಂದಿರುವ ಟ್ರೇಲರ್‌ನ ಖಾಲಿ ತೂಕ ಮತ್ತು ಗರಿಷ್ಠ ತೂಕ ನಮೂದಾಗಿರುವ ಕಾಗದ, ನೀವು ನೋಡುತ್ತಿರುವ ಪ್ರತಿಯೊಂದು ಗಾಡಿಯ ಮಾಲೀಕರ ಕೈಪಿಡಿ, ಮತ್ತು ಈಗಿರುವ ಗಾಡಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತಿದೆ ಎಂಬುದರ ಪ್ರಾಮಾಣಿಕ ಅಂದಾಜು.

1. ಟ್ರೇಲರ್‌ನ ನಿಜವಾದ ತೂಕವನ್ನು ತಿಳಿದುಕೊಳ್ಳಿ

ಮಾರುವವರು ಹೇಳುವುದು ಯಾವಾಗಲೂ ಖಾಲಿ ತೂಕ. ನೀವು ಎಳೆಯುವುದು ತುಂಬಿದ ಟ್ರೇಲರನ್ನು. 60 ಲೀಟರ್ ನೀರಿನ ಟ್ಯಾಂಕ್ ತುಂಬಿದರೆ 60 ಕೆ.ಜಿ.; 14.2 ಕೆ.ಜಿ. ಅನಿಲವಿರುವ ಮನೆಬಳಕೆಯ ಸಿಲಿಂಡರ್, ಕಬ್ಬಿಣವೂ ಸೇರಿ ಸುಮಾರು 30 ಕೆ.ಜಿ.; ದೊಡ್ಡ ಇನ್ವರ್ಟರ್ ಬ್ಯಾಟರಿ 50 ಕೆ.ಜಿ.ಗೆ ಕಡಿಮೆಯಿಲ್ಲ. ಹಾಸಿಗೆ, ಪಾತ್ರೆ, ಮೇಲ್ಛಾವಣಿಯ ಟಾರ್ಪಾಲು, ಮಕ್ಕಳ ಸೈಕಲ್ಲು ಎಂದು ಸೇರಿಸುತ್ತ ಹೋದರೆ 500 ಕೆ.ಜಿ. ಎಂದು ತಂದ ಟ್ರೇಲರ್ 700 ಕೆ.ಜಿ. ದಾಟಿರುತ್ತದೆ. ಆದ್ದರಿಂದ ಗಾಡಿಯನ್ನು ಆರಿಸುವಾಗ ಟ್ರೇಲರ್‌ನ ಗರಿಷ್ಠ ತೂಕವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ಅಂಕಿ ಮೂತಿಭಾರ. ಟ್ರೇಲರ್‌ನ ಮುಂಭಾಗದ ಕೊಂಡಿಯು ಎಳೆಯುವ ಗಾಡಿಯ ಹಿಂಬದಿಯನ್ನು ಕೆಳಕ್ಕೆ ಒತ್ತುವ ಭಾರಕ್ಕೆ ಹೀಗೆನ್ನುತ್ತೇವೆ. ಇದು ಟ್ರೇಲರ್‌ನ ಒಟ್ಟು ತೂಕದ ಶೇ 7ರಿಂದ 10ರಷ್ಟು ಇರಬೇಕು. ಅದಕ್ಕಿಂತ ಕಡಿಮೆಯಾದರೆ, ಅಂದರೆ ಭಾರವೆಲ್ಲ ಟ್ರೇಲರ್‌ನ ಹಿಂಭಾಗಕ್ಕೆ ಸೇರಿಕೊಂಡರೆ, ವೇಗ ಹೆಚ್ಚಿದಾಗ ಟ್ರೇಲರ್ ಹಾವಿನಂತೆ ಅತ್ತಿತ್ತ ಹೊಯ್ದಾಡಲು ತೊಡಗುತ್ತದೆ. ಒಮ್ಮೆ ಹೊಯ್ದಾಟ ಜೋರಾದರೆ ಅದನ್ನು ಹಿಡಿತಕ್ಕೆ ತರುವುದು ಅನುಭವಿ ಚಾಲಕನಿಗೂ ಸುಲಭವಲ್ಲ. ಹೆಚ್ಚಾದರೂ ತೊಂದರೆಯೇ, ಗಾಡಿಯ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಮೂತಿಭಾರ ಅಳೆಯಲು ಪೇಟೆಗೆ ಹೋಗಬೇಕಾಗಿಲ್ಲ. ತೋಟದ ಕಣದಲ್ಲಿ ಕಾಫಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಟ್ರೇಲರ್‌ನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಕೊಂಡಿಯ ಕೆಳಗೆ ಮರದ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಕೊಂಡಿಯನ್ನು ಇಳಿಸಿ. ಮರದ ತುಂಡಿನ ಎತ್ತರ ಎಷ್ಟಿರಬೇಕೆಂದರೆ, ಗಾಡಿಗೆ ಸಿಕ್ಕಿಸಿದಾಗ ಕೊಂಡಿ ನೆಲದಿಂದ ಎಷ್ಟು ಮೇಲಿರುತ್ತದೆಯೋ ತಕ್ಕಡಿಯ ಮೇಲೂ ಅಷ್ಟೇ ಎತ್ತರದಲ್ಲಿರಬೇಕು. ಹಿಂದಕ್ಕೆ ವಾಲಿದ ಟ್ರೇಲರ್ ತಪ್ಪು ತೂಕ ತೋರಿಸುತ್ತದೆ. ಒಟ್ಟು ತೂಕಕ್ಕೆ ಮಾತ್ರ ವೇಬ್ರಿಡ್ಜೇ ಬೇಕು. ನೀರು, ಗ್ಯಾಸು, ಸಾಮಾನು ಎಲ್ಲವನ್ನೂ ತುಂಬಿಕೊಂಡೇ ಅಲ್ಲಿಗೆ ಹೋಗಿ.

ಮೂತಿಭಾರವು ಎಳೆಯುವ ಗಾಡಿಯ ಲೋಡಿನ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಐದು ಜನ, ಅವರ ಚೀಲಗಳು ಮತ್ತು 80 ಕೆ.ಜಿ. ಮೂತಿಭಾರ ಸೇರಿದಾಗ ಸಣ್ಣ ಗಾಡಿಗಳ ಹೊರುವ ಮಿತಿ ಮುಗಿದೇ ಹೋಗಿರುತ್ತದೆ. ಒಂದೇ ಮಾದರಿಯ ಗಾಡಿಯಲ್ಲಿ ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಪೆಟ್ರೋಲ್ ಎಂಜಿನ್ನಿಗಿಂತ ಭಾರವಾಗಿರುವುದರಿಂದ, ಎರಡರ ಹೊರುವ ಮಿತಿಯನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

2. ಗಾಡಿಗೆ ಎಳೆಯುವ ಅನುಮತಿ ಎಷ್ಟಿದೆ ಎಂದು ಕಾಗದದಲ್ಲಿ ನೋಡಿ

ಇಲ್ಲಿ ಆಗುವ ತಪ್ಪು ಒಂದೇ, ಆದರೆ ದೊಡ್ಡದು. ಟೊಯೊಟಾ ಹೈಲಕ್ಸ್ ಅಥವಾ ಇಸುಜು ವಿ-ಕ್ರಾಸ್ ಗಾಡಿಯ ಬಗ್ಗೆ ಹುಡುಕಿದರೆ 3500 ಕೆ.ಜಿ. ಎಳೆಯುತ್ತದೆ ಎಂಬ ಅಂಕಿ ಸಿಗುತ್ತದೆ. ಅದು ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಮಾರಾಟವಾಗುವ ಗಾಡಿಗೆ, ಸ್ವಂತ ಬ್ರೇಕ್ ಇರುವ ಟ್ರೇಲರ್‌ನೊಂದಿಗೆ ಕೊಟ್ಟಿರುವ ಮಿತಿ. ಅದೇ ಹೆಸರಿನ ಗಾಡಿ ಇಲ್ಲಿ ಮಾರಾಟವಾದ ಮಾತ್ರಕ್ಕೆ ಅದೇ ಮಿತಿ ಇಲ್ಲಿಗೂ ಅನ್ವಯಿಸುವುದಿಲ್ಲ. ಅಮೆರಿಕದ ವೀಡಿಯೊಗಳಂತೂ ನಮಗೆ ಇನ್ನೂ ದೂರದ ಮಾತು. ಅಲ್ಲಿ ಡೀಸೆಲ್ ಎಂದರೆ 6.7 ಲೀಟರ್ ಎಂಜಿನ್ನಿನ ದೈತ್ಯ ಪಿಕಪ್, ಎಳೆಯುವುದು ನಾಲ್ಕೈದು ಟನ್ನಿನ ಮನೆ. ನೀವು ಕೊಳ್ಳುವ ಗಾಡಿಯ ಭಾರತದ ಕೈಪಿಡಿಯಲ್ಲಿ ಅಂಕಿ ಇದ್ದರೆ ಅದನ್ನು ಪಾಲಿಸಿ. ಇಲ್ಲದಿದ್ದರೆ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ. ಷೋರೂಮಿನ ಮಾರಾಟಗಾರನ ಬಾಯಿಮಾತು ಅಪಘಾತವಾದ ದಿನ ವಿಮಾ ಸಂಸ್ಥೆಯ ಮುಂದೆ ನಿಲ್ಲುವುದಿಲ್ಲ.

ಮಿತಿಯೊಳಗೆ ಎಷ್ಟು ಎಳೆಯುವುದು ಒಳ್ಳೆಯದು ಎಂಬುದು ಬೇರೆ ಮಾತು. ಬ್ರಿಟನ್ನಿನಲ್ಲಿ ಹೊಸಬರಿಗೆ ಹೇಳಿಕೊಡುವ ರೂಢಿಯ ಸೂತ್ರದ ಪ್ರಕಾರ ತುಂಬಿದ ಕ್ಯಾರವಾನ್ ಎಳೆಯುವ ಗಾಡಿಯ ಖಾಲಿ ತೂಕದ ಶೇ 85ನ್ನು ಮೀರಬಾರದು. ಚಾರ್ಮಾಡಿ, ಶಿರಾಡಿ, ಬಿಸಿಲೆಯಂಥ ಘಾಟಿಗಳಲ್ಲಿ ಓಡಾಡುವವರು ಅರ್ಧಕ್ಕೆ ನಿಲ್ಲಿಸಿಕೊಳ್ಳುವುದು ಲೇಸೆಂದು ನಾನು ಹೇಳುತ್ತೇನೆ. ಎರಡು ಟನ್ನಿನ ಗಾಡಿಗೆ ಒಂದು ಟನ್ ಸಾಕು.

ಕಾನೂನಿನ ಭಾಗವನ್ನೂ ಇಲ್ಲೇ ಮುಗಿಸೋಣ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಒಂದು ಪ್ರತ್ಯೇಕ ವಾಹನ; ಅದಕ್ಕೆ ಅದರದೇ ನೋಂದಣಿ ಸಂಖ್ಯೆ ಇರಬೇಕು. 750 ಕೆ.ಜಿ.ವರೆಗಿನ ಟ್ರೇಲರ್ ಟಿ1 ವರ್ಗಕ್ಕೂ, ಅಲ್ಲಿಂದ 3.5 ಟನ್‌ವರೆಗಿನದು ಟಿ2 ವರ್ಗಕ್ಕೂ ಸೇರುತ್ತದೆ. ಪರಿಚಯದ ವೆಲ್ಡಿಂಗ್ ಶಾಪಿನಲ್ಲಿ ಅಗ್ಗಕ್ಕೆ ಮಾಡಿಸಿದ ಟ್ರೇಲರ್ ಎಷ್ಟೇ ಗಟ್ಟಿಯಾಗಿದ್ದರೂ ಮಾದರಿ ಅನುಮೋದನೆಯ ಪತ್ರವಿಲ್ಲದೆ ನೋಂದಣಿಗೆ ಕಷ್ಟವಾಗುತ್ತದೆ. ಮುಂಗಡ ಕೊಡುವ ಮೊದಲೇ ಹಾಸನ, ಚಿಕ್ಕಮಗಳೂರು, ಸಕಲೇಶಪುರ ಅಥವಾ ತರೀಕೆರೆಯಲ್ಲಿ ನಿಮಗೆ ಸಂಬಂಧಪಟ್ಟ ಆರ್‌ಟಿಒ ಕಚೇರಿಗೆ ಟ್ರೇಲರ್‌ನ ಕಾಗದ ಮತ್ತು ಹಿಂಬದಿಯ ಕೊಂಡಿಯ ವಿವರಗಳೆರಡನ್ನೂ ತೋರಿಸಿ ಕೇಳಿಕೊಳ್ಳಿ. ಹಳದಿ ಬೋರ್ಡಿನ ಸರಕು ಪಿಕಪ್ ನಿಮ್ಮಲ್ಲಿದ್ದು ಅದರಿಂದಲೇ ಎಳೆಯುವ ಯೋಚನೆಯಿದ್ದರೆ, ಪರ್ಮಿಟ್ಟಿನ ಷರತ್ತುಗಳನ್ನೂ ಆಗಲೇ ಕೇಳಿ. ವಿಮಾ ಸಂಸ್ಥೆಗೂ ಲಿಖಿತವಾಗಿ ತಿಳಿಸಬೇಕು. ಓಡುತ್ತಿರುವ ಕ್ಯಾರವಾನ್ ಟ್ರೇಲರ್‌ನೊಳಗೆ ಯಾರನ್ನೂ, ಮಲಗಿರುವ ಮಗುವನ್ನು ಸಹ, ಕೂರಿಸಬೇಡಿ.

3. ಏರಿನ ಲೆಕ್ಕ ಮಾಡಿ. ಎಂಜಿನ್ನಿನ ಜಾತಿ ಇಲ್ಲಿ ತಿಳಿಯುತ್ತದೆ

ಎರಡು ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ. ಟಾರ್ಕ್ ಎಂದರೆ ಎಂಜಿನ್ನಿನ ತಿರುಚುವ ಬಲ. ನಮ್ಮ ಚಾಲಕರು ಪುಲ್ಲಿಂಗ್ ಎನ್ನುವುದು ಇದನ್ನೇ, ಅಳೆಯುವುದು ನ್ಯೂಟನ್ ಮೀಟರಿನಲ್ಲಿ. ಅಶ್ವಶಕ್ತಿ ಎಂದರೆ ಆ ಬಲವನ್ನು ಎಂಜಿನ್ ಎಷ್ಟು ವೇಗದಲ್ಲಿ ಕೊಡಬಲ್ಲದು ಎಂಬುದು. ಏರು ಹತ್ತಿಸುವುದು ಕೊನೆಗೆ ಅಶ್ವಶಕ್ತಿಯೇ. ಆದರೆ ಕಡಿಮೆ ಸುತ್ತಿನಲ್ಲೇ ಟಾರ್ಕ್ ಸಿಕ್ಕಿದರೆ ಎಂಜಿನ್ ಅರಚಿಕೊಳ್ಳದೆ ಆ ಶಕ್ತಿಯನ್ನು ಕೊಡುತ್ತದೆ.

ಗಾಡಿ ಮತ್ತು ಟ್ರೇಲರ್ ಸೇರಿ 3000 ಕೆ.ಜಿ. ಇವೆ, ರಸ್ತೆ ಪ್ರತಿ 100 ಮೀಟರಿಗೆ 7 ಮೀಟರ್ ಏರುತ್ತಿದೆ, ನೀವು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಬೇಕೆಂದಿದ್ದೀರಿ ಎಂದಿಟ್ಟುಕೊಳ್ಳೋಣ. ಇದಕ್ಕೆ ಚಕ್ರಗಳ ಬಳಿ ಸುಮಾರು 38 ಅಶ್ವಶಕ್ತಿ ಬೇಕು; ಗೇರ್‌ಬಾಕ್ಸ್ ಮತ್ತು ಆ್ಯಕ್ಸೆಲ್‌ಗಳಲ್ಲಿ ಕಳೆದುಹೋಗುವುದನ್ನು ಸೇರಿಸಿದರೆ ಎಂಜಿನ್ನಿನ ಬಳಿ 44ರಷ್ಟು. ಈಗ ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್ ಎಂಜಿನ್ನನ್ನು ತೆಗೆದುಕೊಳ್ಳಿ. ಟರ್ಬೊ ಎಂದರೆ ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಪಂಖ. ಮಾರುತಿ ಜಿಮ್ನಿಯ ಎಂಜಿನ್ ಟರ್ಬೊ ಇಲ್ಲದ ಬಗೆಯದು. ಅದರ ಗರಿಷ್ಠ ಟಾರ್ಕ್ 134 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4000 ಸುತ್ತಿನಲ್ಲಿ. ಅಷ್ಟೂ ಟಾರ್ಕ್ 2000 ಸುತ್ತಿನಲ್ಲೇ ಸಿಕ್ಕಿತು ಎಂದು ಉದಾರವಾಗಿ ಒಪ್ಪಿಕೊಂಡರೂ ಆ ಸುತ್ತಿನಲ್ಲಿ ಅದು ಕೊಡುವುದು 38 ಅಶ್ವಶಕ್ತಿ. ಸಾಲದು. ಆದ್ದರಿಂದ ಗೇರ್ ಇಳಿಸಿ 3500 ಸುತ್ತಿನಲ್ಲಿ ಓಡಿಸಬೇಕು. ಹತ್ತುತ್ತದೆ, ಆದರೆ ಇಡೀ ಘಾಟಿಯುದ್ದಕ್ಕೂ ಅರಚುತ್ತ ಹತ್ತುತ್ತದೆ. ಜಿಮ್ನಿಯ ಸ್ವಂತ ತೂಕವೇ ಸುಮಾರು 1200 ಕೆ.ಜಿ. ಆಗಿರುವುದರಿಂದ ಒಂದು ಟನ್ನಿನ ಟ್ರೇಲರ್‌ನ ಮಾತನ್ನು ಅದರ ವಿಷಯದಲ್ಲಿ ಎತ್ತಲೇಬಾರದು. ಎಂಜಿನ್ನಿನ ಸ್ವಭಾವ ತಿಳಿಯಲೆಂದು ಮಾತ್ರ ಇಲ್ಲಿ ತಂದೆ.

ಇದರ ಎದುರಿಗೆ ಮಹೀಂದ್ರ ಥಾರ್‌ನ 2.2 ಲೀಟರ್ ಡೀಸೆಲ್ ಎಂಜಿನ್ 1600ರಿಂದ 2800 ಸುತ್ತಿನ ನಡುವೆ 300 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. 2000 ಸುತ್ತಿನಲ್ಲಿ ಅದು 85 ಅಶ್ವಶಕ್ತಿಯಾಯಿತು. ಬೇಕಾದುದರ ಹತ್ತಿರ ಹತ್ತಿರ ಎರಡರಷ್ಟು. ಹಾಗಾದರೆ ಡೀಸೆಲ್ ಗೆದ್ದಿತು ಎಂದುಕೊಳ್ಳುವ ಮೊದಲು ಅದೇ ಥಾರ್‌ನ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನನ್ನು ನೋಡಿ: ಮ್ಯಾನುಯಲ್ ಗೇರಿನಲ್ಲಿ ಅದರ ಟಾರ್ಕ್ ಕೂಡ 300, ಆಟೊಮ್ಯಾಟಿಕ್‌ನಲ್ಲಿ 320, ಗರಿಷ್ಠ ಶಕ್ತಿಯಲ್ಲಿ ಅದು ಡೀಸೆಲ್ಲಿಗಿಂತ 20 ಅಶ್ವಶಕ್ತಿ ಮುಂದು. ಸ್ಕಾರ್ಪಿಯೊ-ಎನ್ ಗಾಡಿಯ ಮೇಲಿನ ಮಾದರಿಗಳಲ್ಲೂ ಮ್ಯಾನುಯಲ್ ಗೇರಿನಲ್ಲಿ ಪೆಟ್ರೋಲ್, ಡೀಸೆಲ್ ಎರಡಕ್ಕೂ 370 ನ್ಯೂಟನ್ ಮೀಟರ್. ಇನ್ನೊಂದೆಡೆ ಟೊಯೊಟಾ ಫಾರ್ಚೂನರ್‌ನಲ್ಲಿ ಟರ್ಬೊ ಇಲ್ಲದ 2.7 ಲೀಟರ್ ಪೆಟ್ರೋಲ್ ಎಂಜಿನ್ನಿಗೆ 245, ಡೀಸೆಲ್ ಆಟೊಮ್ಯಾಟಿಕ್‌ಗೆ 500. ಅಂದರೆ ಏರಿನ ಮಟ್ಟಿಗೆ ನಿಜವಾದ ಗೆರೆ ಇರುವುದು ಡೀಸೆಲ್ ಮತ್ತು ಪೆಟ್ರೋಲ್ ನಡುವೆ ಅಲ್ಲ, ಟರ್ಬೊ ಇರುವ ಎಂಜಿನ್ ಮತ್ತು ಇಲ್ಲದ ಎಂಜಿನ್ ನಡುವೆ. ಟರ್ಬೊ ಎಂದರೆ ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಪಂಖ. ಟರ್ಬೊ ಇಲ್ಲದ ಎಂಜಿನ್ ಸಮುದ್ರಮಟ್ಟದಿಂದ 1000 ಮೀಟರ್ ಏರುವಷ್ಟರಲ್ಲಿ ಗಾಳಿಯ ಸಾಂದ್ರತೆ ಕುಗ್ಗಿ ತನ್ನ ಶಕ್ತಿಯ ಹತ್ತನೆಯ ಒಂದು ಭಾಗದಷ್ಟನ್ನು ಕಳೆದುಕೊಂಡಿರುತ್ತದೆ. ಚಿಕ್ಕಮಗಳೂರು ಪೇಟೆ ಇರುವುದೇ ಹೆಚ್ಚುಕಡಿಮೆ ಆ ಎತ್ತರದಲ್ಲಿ.

ಡೀಸೆಲ್ ನಿಜವಾಗಿ ಮುಂದಿರುವುದು ಭಾರ ಎಳೆಯುವಾಗಿನ ಮೈಲೇಜಿನಲ್ಲಿ. ಒಂದು ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಶೇ 10ಕ್ಕೂ ಹೆಚ್ಚು ಶಕ್ತಿಯಿದೆ, ಮತ್ತು ಡೀಸೆಲ್ ಎಂಜಿನ್ ಹೆಚ್ಚಿನ ಒತ್ತಡದಲ್ಲಿ, ಹೆಚ್ಚು ಗಾಳಿಯೊಂದಿಗೆ ಅದನ್ನು ಉರಿಸುತ್ತದೆ. ಟರ್ಬೊ ಪೆಟ್ರೋಲ್ ಎಂಜಿನ್ ಏರಿನಲ್ಲಿ ದೀರ್ಘಕಾಲ ದುಡಿದಾಗ ಒಳಗಿನ ಶಾಖ ಮಿತಿಮೀರದಿರಲೆಂದು ಕಂಪ್ಯೂಟರ್ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತದೆ. ಖಾಲಿ ಓಡುವಾಗ ಲಕ್ಷಣವಾಗಿ ಮೈಲೇಜ್ ಕೊಡುತ್ತಿದ್ದ ಗಾಡಿ ಟ್ರೇಲರ್ ಕಟ್ಟಿದೊಡನೆ ಕುಡಿಯಲು ಶುರುಮಾಡುವುದು ಇದಕ್ಕೇ. ಈಗ ಪಂಪುಗಳಲ್ಲಿ ಸಿಗುವ, ಶೇ 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಶಕ್ತಿ ಇನ್ನೂ ಸ್ವಲ್ಪ ಕಡಿಮೆ. ಸಿಎನ್‌ಜಿ ಕಿಟ್ಟಿನ ಗಾಡಿಯಲ್ಲಿ ಕ್ಯಾರವಾನ್ ಎಳೆಯುವ ಯೋಚನೆ ಬೇಡವೇ ಬೇಡ.

ಗೇರ್‌ಬಾಕ್ಸಿನ ಬಗ್ಗೆ ಒಂದು ಮಾತು. ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆಟೊಮ್ಯಾಟಿಕ್ ಟ್ರೇಲರ್ ಎಳೆತಕ್ಕೆ ಬಹಳ ಅನುಕೂಲ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಕ್ಲಚ್ ಸುಡುವ ಭಯವಿಲ್ಲ. ಮ್ಯಾನುಯಲ್ ಗಾಡಿಯಲ್ಲಿ ತೋಟದ ಮಣ್ಣುರಸ್ತೆಯ ಏರಿನಲ್ಲಿ ಟ್ರೇಲರನ್ನು ಹಿಂದಕ್ಕೆ ತಳ್ಳಬೇಕಾದಾಗ ಅರ್ಧ ಕ್ಲಚ್ಚಿನಲ್ಲಿ ಹೆಣಗುವ ಬದಲು ಫೋರ್-ಲೋ, ಅಂದರೆ ನಾಲ್ಕೂ ಚಕ್ರಗಳನ್ನು ನಿಧಾನವಾಗಿ ತಿರುಗಿಸುವ ಗೇರ್, ಗಾಡಿಯಲ್ಲಿದ್ದರೆ ಹಾಕಿಕೊಳ್ಳಿ. ಆದರೆ ಅದನ್ನು ಹಾಕಿಕೊಂಡು ಒಣ ಡಾಂಬರು ಅಥವಾ ಕಾಂಕ್ರೀಟಿನ ಮೇಲೆ ಗಾಡಿ ತಿರುಗಿಸಬೇಡಿ. ಮುಂದಿನ ಹಿಂದಿನ ಆ್ಯಕ್ಸೆಲ್‌ಗಳು ಒಂದನ್ನೊಂದು ಎಳೆದಾಡಿ ಗೇರುಗಳಿಗೆ ಪೆಟ್ಟಾಗುತ್ತದೆ.

4. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಯೋಚಿಸಿ

ಪತ್ರ ಬರೆಯುವವರಲ್ಲಿ ಹೆಚ್ಚಿನವರು ಕೇಳುವುದು ಏರಿನ ಬಗ್ಗೆ. ಅಪಾಯ ಇರುವುದು ಇಳಿತದಲ್ಲಿ. ಮೂರು ಟನ್ ಭಾರ 700 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 65 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವಾಗ ಅಷ್ಟು ಶಾಖ ಎಲ್ಲಾದರೂ ಹೋಗಲೇಬೇಕು. ನೀವು ಬ್ರೇಕಿನ ಮೇಲೇ ಕಾಲಿಟ್ಟಿದ್ದರೆ ಅದರಲ್ಲಿ ಬಹುಪಾಲು ಡಿಸ್ಕು ಪ್ಯಾಡುಗಳಿಗೆ ಹೋಗುತ್ತದೆ. ಪ್ಯಾಡು ಕಾದು ಹಿಡಿತ ಬಿಡುತ್ತದೆ, ಬ್ರೇಕ್ ಎಣ್ಣೆ ಕುದಿದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ. ಈ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡಷ್ಟೂ ಬೇಗ ಕುದಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ? ಎರಡು ವರ್ಷಕ್ಕೊಮ್ಮೆ ಬದಲಿಸಿ.

ಡೀಸೆಲ್ ಗಾಡಿ ಇಳಿತದಲ್ಲಿ ತಾನಾಗಿಯೇ ಹೆಚ್ಚು ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಲಾರಿ ಬಸ್ಸುಗಳಿಗೆ ಹೊಗೆಕೊಳವೆಯನ್ನು ಅಡ್ಡಗಟ್ಟುವ ಎಕ್ಸಾಸ್ಟ್ ಬ್ರೇಕ್ ಇರುವುದರಿಂದ ಆ ಮಾತು ಹುಟ್ಟಿರಬಹುದು. ನಾವು ಕೊಳ್ಳುವ ಜೀಪು, ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಾದರೆ ಕಾಲು ತೆಗೆದೊಡನೆ ಗಾಳಿಯ ದಾರಿ ಮುಚ್ಚಿ ಎಂಜಿನ್ನೇ ಒಂದು ತಡೆಯಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆ ತಡೆ ಮೂಲತಃ ಕಡಿಮೆ. ಯಾವ ಇಂಧನವಾದರೂ ಸರಿ, ಇಳಿತ ಶುರುವಾಗುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬರಬೇಕು, ಆಟೊಮ್ಯಾಟಿಕ್ ಆದರೆ ಕೈಯಿಂದ ಗೇರ್ ಹಿಡಿದಿಡುವ ಸೌಲಭ್ಯವಿದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಬ್ರೇಕನ್ನು ಸವರುತ್ತ ಇಳಿಯುವ ಬದಲು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಬಿಟ್ಟು, ಆರಲು ಬಿಡಿ.

ಎಲ್ಲಕ್ಕಿಂತ ಮುಖ್ಯವಾದುದು ಟ್ರೇಲರ್‌ಗೆ ಸ್ವಂತ ಬ್ರೇಕ್. ಯುರೋಪಿನಲ್ಲಿ 750 ಕೆ.ಜಿ. ಮೀರಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ನಮ್ಮ ಘಾಟಿಗಳಿಗೆ 500 ಕೆ.ಜಿ. ದಾಟಿದರೇ ಹಾಕಿಸಿ ಎನ್ನುತ್ತೇನೆ. ಎರಡು ಬಗೆಗಳಿವೆ. ಓವರ್‌ರನ್ ಬ್ರೇಕಿನಲ್ಲಿ, ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ತಳ್ಳುವ ಒತ್ತಡವೇ ಅದರ ಬ್ರೇಕನ್ನು ಹಿಡಿಸುತ್ತದೆ. ಗಾಡಿಯಲ್ಲಿ ಏನೂ ಬದಲಾವಣೆ ಬೇಡ, ಆದರೆ ಉದ್ದನೆಯ ಇಳಿತದಲ್ಲಿ ತಳ್ಳುತ್ತಲೇ ಇರುವುದರಿಂದ ಅದೂ ಕಾಯುತ್ತದೆ. ಎಲೆಕ್ಟ್ರಿಕ್ ಬ್ರೇಕಿಗೆ ಚಾಲಕನ ಬಳಿ ಒಂದು ನಿಯಂತ್ರಕ ಬೇಕು. ಹೊಯ್ದಾಟ ಶುರುವಾದಾಗ ಟ್ರೇಲರ್‌ನ ಬ್ರೇಕನ್ನು ಮಾತ್ರ ಹಿಡಿಯಬಹುದಾದ ಅನುಕೂಲ ಅದರಲ್ಲಿದೆ. ಬಜೆಟ್ ಬಿಗಿಯಾಗಿದ್ದರೆ ಡೀಸೆಲ್ ಮಾದರಿಗೆ ಕೊಡಬೇಕಾದ ಹೆಚ್ಚುವರಿ ಹಣವನ್ನು ಉಳಿಸಿ ಮೊದಲು ಟ್ರೇಲರ್ ಬ್ರೇಕಿಗೆ ಹಾಕಿ.

5. ಕ್ಯಾರವಾನ್ ಕಟ್ಟದ ದಿನಗಳನ್ನು ಎಣಿಸಿ

ಗಾಡಿ ವರ್ಷದಲ್ಲಿ ಕ್ಯಾರವಾನ್ ಎಳೆಯುವುದು ಕೆಲವೇ ದಿನ. ಉಳಿದ ದಿನ ಅದೇನು ಮಾಡುತ್ತದೆ? ತೋಟದಿಂದ ಪೇಟೆಗೆ ಎಂಟು ಹತ್ತು ಕಿಲೋಮೀಟರ್, ಮಕ್ಕಳ ಶಾಲೆ, ಗೊಬ್ಬರದ ಅಂಗಡಿ, ಮತ್ತೆ ತೋಟ. ಇಂದಿನ ಡೀಸೆಲ್ ಗಾಡಿ ತಾಳಲಾರದ ಓಡಾಟ ಇದೇ.

ಕಾರಣ ಇಷ್ಟು. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್6 ಎಂಬ ಹೊಗೆ ನಿಯಂತ್ರಣ ನಿಯಮದ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಇರುತ್ತದೆ. ತುಂಬಿದ ಮಸಿಯನ್ನು ಅದು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ತಾನೇ ಸುಟ್ಟುಕೊಳ್ಳಬೇಕು; ಅದಕ್ಕೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಬೇಕು. ತೋಟದ ಓಡಾಟದಲ್ಲಿ ಆ ಅವಕಾಶವೇ ಸಿಗುವುದಿಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ, ಆ ಶಾಖಕ್ಕೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರಬಹುದು. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮಟ್ಟ ಮೇಲಿನ ಗೆರೆಯನ್ನು ದಾಟಿ, ಬೆರಳಿಗೆ ತೆಳುವಾಗಿ ತಾಗಿ ಡೀಸೆಲ್ ವಾಸನೆ ಬಂದರೆ, ಆಯಿಲ್ ಕುಡಿಯದ ಒಳ್ಳೆಯ ಎಂಜಿನ್ ಎಂದು ಹಿಗ್ಗಬೇಡಿ, ಕೂಡಲೇ ಬದಲಿಸಿ. ಡಿಪಿಎಫ್ ದೀಪ ಹೊತ್ತಿಕೊಂಡರೆ ಗ್ಯಾರೇಜಿಗೆ ಓಡುವ ಮೊದಲು ಹಾಸನ ಮತ್ತು ಚನ್ನರಾಯಪಟ್ಟಣದ ನಡುವಿನ ಹೆದ್ದಾರಿಯಂಥ ರಸ್ತೆಯಲ್ಲಿ ಕೈಪಿಡಿ ಹೇಳಿದಂತೆ ನಿಲ್ಲಿಸದೆ ಓಡಿಸಿ ನೋಡಿ, ಮಧ್ಯದಲ್ಲಿ ಆಫ್ ಮಾಡಬೇಡಿ. ಜಾಲರಿಯನ್ನೇ ಕಿತ್ತುಹಾಕಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ, ಅದು ಕಾನೂನುಬಾಹಿರ.

ಕೆಲವು ಡೀಸೆಲ್ ಗಾಡಿಗಳಿಗೆ ಹೊಗೆಯನ್ನು ಶುದ್ಧಗೊಳಿಸಲು ಆ್ಯಡ್‌ಬ್ಲೂ ಎಂಬ ದ್ರವವೂ ಬೇಕು. ಅದು ಶೇ 32.5 ಯೂರಿಯಾ ಇರುವ ಶುದ್ಧ ನೀರು. ಅದರ ಟ್ಯಾಂಕೇ ಬೇರೆ, ಮುಚ್ಚಳ ನೀಲಿ. ಅದು ಪೂರ್ತಿ ಖಾಲಿಯಾದ ಮೇಲೆ ಆಫ್ ಮಾಡಿದ ಎಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ತೋಟದ ಗೊಬ್ಬರದ ಯೂರಿಯಾವನ್ನು ಕಲಸಿ ಸುರಿಯುವ ಉಪಾಯ ಯಾರಾದರೂ ಹೇಳಿದರೆ ಅವರ ಗಾಡಿಯಲ್ಲೇ ಮೊದಲು ಮಾಡಿ ತೋರಿಸಲು ಹೇಳಿ.

ಪೆಟ್ರೋಲ್ ಗಾಡಿಗೆ ಈ ತಾಪತ್ರಯಗಳಿಲ್ಲ. ಅದರದು ಬೇರೆ ಜಾಗ್ರತೆ: ಎಥನಾಲ್ ತೇವವನ್ನು ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯ ಟ್ಯಾಂಕನ್ನು ಅರ್ಧ ಖಾಲಿ ಬಿಡಬಾರದು, ಕ್ಯಾನಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಕೂಡಿಡಲೂಬಾರದು. ಹಳೆಯ ಗಾಡಿ ಕೊಳ್ಳುವವರು ಅದು ಶೇ 20 ಎಥನಾಲ್ ತಾಳುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

6. ಹಣದ ಲೆಕ್ಕ

ಡೀಸೆಲ್ ಮಾದರಿಗೆ ಪೆಟ್ರೋಲ್ ಮಾದರಿಗಿಂತ 1,25,000 ರೂಪಾಯಿ ಹೆಚ್ಚು ಎಂದೂ, ಪೆಟ್ರೋಲ್ ಲೀಟರಿಗೆ 103, ಡೀಸೆಲ್ 91 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ಖಾಲಿ ಗಾಡಿ ಪೆಟ್ರೋಲಿನಲ್ಲಿ 10, ಡೀಸೆಲ್ಲಿನಲ್ಲಿ 13 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ತಗಲುವ ಖರ್ಚು ಕ್ರಮವಾಗಿ 10.30 ಮತ್ತು 7 ರೂಪಾಯಿ. ವ್ಯತ್ಯಾಸ 3.30. ಹೆಚ್ಚು ಕೊಟ್ಟ ಹಣ ವಾಪಸು ಬರಲು ಸುಮಾರು 38,000 ಕಿ.ಮೀ. ಓಡಬೇಕು. ಟ್ರೇಲರ್ ಎಳೆಯುವಾಗ ಮೈಲೇಜ್ 6 ಮತ್ತು 9ಕ್ಕೆ ಇಳಿದರೆ ವ್ಯತ್ಯಾಸ ಕಿಲೋಮೀಟರಿಗೆ 7 ರೂಪಾಯಿ. ಅಂದರೆ ಎಳೆತ ಹೆಚ್ಚಿದಷ್ಟೂ ಡೀಸೆಲ್ ಬೇಗ ಗಿಟ್ಟುತ್ತದೆ. ನಿಮ್ಮ ಗಾಡಿಯ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿ. ಜೀವಿತಾವಧಿ ತೆರಿಗೆ ಗಾಡಿಯ ಬೆಲೆಯ ಮೇಲಿರುವುದರಿಂದ ಆ ವ್ಯತ್ಯಾಸವನ್ನೂ, ಡೀಸೆಲ್ ಸರ್ವಿಸಿನ ಹೆಚ್ಚಿನ ವೆಚ್ಚವನ್ನೂ ಸೇರಿಸಬೇಕು.

ವರ್ಷಕ್ಕೆ ಆರೇಳು ಸಾವಿರ ಕಿ.ಮೀ. ಓಡಿಸುವವರು, ಟ್ರೇಲರ್ 750 ಕೆ.ಜಿ. ಒಳಗಿದ್ದರೆ, ಟರ್ಬೊ ಪೆಟ್ರೋಲ್ ಕೊಳ್ಳುವುದೇ ಸರಿಯೆಂದು ನನಗನ್ನಿಸುತ್ತದೆ. ವರ್ಷಕ್ಕೆ 15,000 ಮೀರಿ ಓಡಿಸುವವರು, ಅದರಲ್ಲೂ ಬೆಂಗಳೂರು ಮಂಗಳೂರಿಗೆ ಪದೇ ಪದೇ ಹೋಗುವವರು, ಟ್ರೇಲರ್ ಟನ್ನಿನ ಹತ್ತಿರವಿರುವವರು ಡೀಸೆಲ್ಲನ್ನು ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ನಿಮ್ಮ ಮನಸ್ಸು ಪಿಕಪ್ ಮೇಲೆಯೇ ಇದ್ದರೆ ಆಯ್ಕೆ ಬಹುಮಟ್ಟಿಗೆ ಮುಗಿದಂತೆಯೇ: ಇಲ್ಲಿ ಸಿಗುವ ಹೈಲಕ್ಸ್, ವಿ-ಕ್ರಾಸ್ ಎರಡೂ ಡೀಸೆಲ್. ನಡುವಿನವರು ಐದನೆಯ ಹಂತವನ್ನು ಮತ್ತೊಮ್ಮೆ ಓದಿ ತೀರ್ಮಾನಿಸಲಿ. ದೆಹಲಿ ಕಡೆಗೆ ಪ್ರವಾಸ ಹೋಗುವ ಆಸೆಯಿರುವವರು ಅಲ್ಲಿ ಹಳೆಯ ಡೀಸೆಲ್ ಗಾಡಿಗಳ ಮೇಲಿರುವ ನಿರ್ಬಂಧಗಳನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

7. ಭಾರ ಹೊತ್ತು ಏರಿನಲ್ಲಿ ಓಡಿಸಿ ನೋಡಿ

ಷೋರೂಮಿನ ಸುತ್ತ ಒಂದು ರೌಂಡು ಹೊಡೆದರೆ ಏನೂ ತಿಳಿಯುವುದಿಲ್ಲ. ಸೀಟು ತುಂಬ ಜನ ಕೂರಿಸಿಕೊಂಡು ಚಿಕ್ಕಮಗಳೂರಿನವರಾದರೆ ಕೈಮರದಿಂದ ಮೇಲಿನ ಏರಿಗೆ, ಸಕಲೇಶಪುರ ಮೂಡಿಗೆರೆಯವರಾದರೆ ಘಾಟಿಯ ಯಾವುದಾದರೂ ನಿಂತು ಹೊರಡಬಹುದಾದ ಏರಿಗೆ ಒಯ್ಯಲು ಕೇಳಿ. ಎಸಿ ಹಾಕಿಕೊಂಡೇ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ. 1500 ಸುತ್ತಿನ ಕೆಳಗೆ ಟರ್ಬೊ ಎಚ್ಚರಗೊಳ್ಳದೆ ಗಾಡಿ ಮುಗ್ಗರಿಸುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕೆಲವು ಡೀಸೆಲ್ ಗಾಡಿಗಳಲ್ಲಿ ಇದು ಪೆಟ್ರೋಲಿಗಿಂತ ಹೆಚ್ಚು ಕಾಣುತ್ತದೆ. ಇಳಿಯುವಾಗ ಎರಡನೆಯ ಗೇರಿನಲ್ಲಿ ಬ್ರೇಕ್ ಮುಟ್ಟದೆ ಎಷ್ಟು ಹಿಡಿದುಕೊಳ್ಳುತ್ತದೆ ನೋಡಿ.

8. ಕೊಂಡಿ, ತಂತಿ ಮತ್ತು ಮೊದಲ ಓಟ

ಕೊಂಡಿಯನ್ನು ಚಾಸಿಗೆ ಬೋಲ್ಟ್ ಮಾಡಬೇಕೇ ಹೊರತು ಬಂಪರಿಗಲ್ಲ. ಟ್ರ್ಯಾಕ್ಟರ್ ಟ್ರೇಲರ್‌ಗೆ ಬಳಸುವ ಪಿನ್ನು ಬಳೆಯ ಜೋಡಣೆಯನ್ನೇ ಜೀಪಿಗೂ ಬೆಸೆದುಕೊಡುವ ರೂಢಿ ನಮ್ಮ ಕಡೆ ಇದೆ; ಅದರ ಸಡಿಲಕ್ಕೆ ಪ್ರತಿ ಬ್ರೇಕಿಗೂ ಒಂದು ಗುದ್ದು ಬೀಳುತ್ತದೆ. 50 ಮಿಲಿಮೀಟರ್ ಗುಂಡಿನ ಕೊಂಡಿ ಹಾಕಿಸಿ. ಅದರ ಜೊತೆಗೆ ಎರಡು ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡಲಾಗಿ ಕಟ್ಟಬೇಕು. ಕೊಂಡಿ ಕಳಚಿದರೂ ಟ್ರೇಲರ್‌ನ ಮೂತಿ ರಸ್ತೆಗೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ. ದೀಪದ ತಂತಿಗಳನ್ನು ಗಾಡಿಯ ಟೈಲ್ ಲ್ಯಾಂಪಿನ ತಂತಿಗೆ ಹರಿದು ಸುತ್ತಿಸಬೇಡಿ. ಏಳು ಪಿನ್ನಿನ ಸಾಕೆಟ್ಟನ್ನು ಪ್ರತ್ಯೇಕ ರಿಲೇ ಮೂಲಕ ಕೊಡಿಸಿ, ಇಲ್ಲವಾದರೆ ವಾರಂಟಿಯ ತಕರಾರು ಬರುತ್ತದೆ.

ಮೊದಲ ಓಟವನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. 2019ರಲ್ಲಿ ಚಾರ್ಮಾಡಿಯಲ್ಲೂ 2024ರಲ್ಲಿ ಶಿರಾಡಿಯಲ್ಲೂ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಅಂಥ ಕಡೆ ಟ್ರೇಲರ್ ಕಟ್ಟಿಕೊಂಡು ಸಿಕ್ಕಿಬಿದ್ದರೆ ಕಿರಿದಾದ ರಸ್ತೆಯಲ್ಲಿ ಹಿಂದಿರುಗಲು ಅದನ್ನು ಬಿಚ್ಚಿ ಕೈಯಿಂದಲೇ ತಿರುಗಿಸಬೇಕಾಗುತ್ತದೆ, ಒಂದು ಟನ್ನಿನದನ್ನು ಹಾಗೆ ತಿರುಗಿಸಲು ನಾಲ್ಕು ಜನ ಸಾಲುವುದಿಲ್ಲ. ಮುಳ್ಳಯ್ಯನಗಿರಿಯಂಥ ಇಕ್ಕಟ್ಟಿನ ಬೆಟ್ಟದ ರಸ್ತೆಗಳಿಗೆ ಟ್ರೇಲರನ್ನು ಒಯ್ಯುವ ಮಾತೇ ಬೇಡ, ಕೆಳಗೇ ಬಿಟ್ಟು ಹೋಗಿ. ಹಾಸನದಿಂದ ಬೆಂಗಳೂರಿನ ಕಡೆಗಿನ ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಮೀರದೆ ಹೋಗಿ, ಚನ್ನರಾಯಪಟ್ಟಣದಲ್ಲಿ ಟೀಗೆ ನಿಲ್ಲಿಸಿದಾಗ ಟ್ರೇಲರ್‌ನ ಎರಡೂ ಚಕ್ರಗಳ ಮಧ್ಯಭಾಗಕ್ಕೆ ಅಂಗೈಯನ್ನು ಹತ್ತಿರ ಹಿಡಿದು ನೋಡಿ. ಒಂದು ಕಡೆ ಮಾತ್ರ ಸುಡುವಷ್ಟು ಬಿಸಿಯಿದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಆ ಬದಿಯ ಬ್ರೇಕ್ ಹಿಡಿದುಕೊಂಡೇ ಇದೆ ಎಂದರ್ಥ. ಅದನ್ನು ಸರಿಪಡಿಸದೆ ಮುಂದೆ ಹೋಗಬಾರದು. ಬಿಸಿ ಸರಿಯಾಗಿದ್ದರೆ ಚಕ್ರದ ನಟ್ಟುಗಳನ್ನೂ ಕೊಂಡಿಯ ಬೋಲ್ಟುಗಳನ್ನೂ ಪಾನಾ ಹಾಕಿ ಮತ್ತೊಮ್ಮೆ ಬಿಗಿ ನೋಡಿಕೊಂಡು ಹೊರಡಿ.